ಏನಂತ ಬರ್ಕೊಳ್ಳಲಿ?

(ರಾಜ್ಯ ಹಿಂದುಳಿದ ವರ್ಗಗಳ ಆಯೋಗ 2025ರ ಸೆಪ್ಟೆಂಬರ್ 22ರಿಂದ ನಡೆಸಿದ ಸಮೀಕ್ಷೆಯಲ್ಲಿ 60 ಪ್ರಶ್ನೆಗಳಿದ್ದವು. ಅವುಗಳಲ್ಲೊಂದಾದ ‘ಧರ್ಮ’ದ ಕಾಲಂ, ಹಿರಿಯೂರು ಸೀಮೆಯ ಮೇಷ್ಟ್ರೊಬ್ಬರ ಮೊಬೈಲಿನಲ್ಲಿ ಮಾತಿಗೆ ಸಿಕ್ಕಿತು. ಸರ್ವರ್ ಕೈಕೊಟ್ಟಿದ್ದರಿಂದ ಪುರುಸೊತ್ತಾಗಿತ್ತು.)

ಹೇಗಿದ್ದೀರಿ?

ಸಾಕಾಗಿದೆ. ವಯಸ್ಸು, ವಿದ್ಯಾಭ್ಯಾಸ ಎಲ್ಲ ಸಲೀಸು. ನನ್ನ ಸರದಿ ಬಂದರೆ ಮನೆಯವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಮೊನ್ನೆ ವೇದಾವತಿ ಆಚೆಯ ಒಂದು ಮನೆ. ಗೋಡೆಯ ಮೇಲೆ ಶಿಲುಬೆಯ ಕ್ಯಾಲೆಂಡರ್. ‘ಕ್ರಿಶ್ಚಿಯನ್ ಅಂತ ಬರ್ಕೊಳ್ಳಲಾ?’ ಅಂದರು ಮೇಷ್ಟ್ರು. ‘ಅಯ್ಯೋ ಬ್ಯಾಡ ಸಾ, ಪ್ರಾರ್ಥನೆಗೆ ಹೋಗ್ತೀವಿ, ಅಷ್ಟೇಯ’ ಅಂದಿತು ಅಜ್ಜಿ. ಹಾಗಾದರೆ ಹಿಂದೂ? ‘ಪಾಸ್ಟರು ಬೇಜಾರ್ ಮಾಡ್ಕೊತಾರೆ.’ ಅಷ್ಟರಲ್ಲಿ ಮಗ ಒಳಗಿಂದ ಬಂದು ‘ಹಿಂದೂ, ಮಾದಿಗ’ ಎಂದ.

ಮಗನಿಗೆ ಯೇಸುವಿನಲ್ಲಿ ನಂಬಿಕೆ ಇಲ್ಲವೇ?

ಭಾನುವಾರದ ಸಭೆಯಲ್ಲಿ ಡೋಲಕ್ ಬಾರಿಸುವವನೇ ಅವನು. ಆದರೆ ಮಗಳು ಪಿಯುಸಿ ಓದುತ್ತಿದ್ದಾಳೆ, ಮೀಸಲಾತಿ ಬೇಕು. 1950ರ ರಾಷ್ಟ್ರಪತಿ ಆದೇಶದಲ್ಲಿ ಹಿಂದೂಗಳಷ್ಟೇ ಪರಿಶಿಷ್ಟ ಜಾತಿಯವರು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಬಾಗಿಲು ತೆರೆಯಿತು. ಡೋಲಕ್‌ನವನು ಇನ್ನೂ ಹೊರಗೇ ನಿಂತಿದ್ದಾನೆ.

ದೀಕ್ಷಾಸ್ನಾನವಾದರೆ ಜಾತಿ ತೊಳೆದುಹೋಗುತ್ತದೆ ಅಂತಲೇ?

ಕಾಗದದಲ್ಲಿ ಹೋಗುತ್ತದೆ. ಬಾಡಿಗೆ ಮನೆ ಕೇಳುವ ಹೊತ್ತಿಗೆ ವಾಪಸ್ ಬಂದಿರುತ್ತದೆ. ಮದರಾಸಿನ ಬೀದಿಬದಿ ಚಪ್ಪಲಿ ಹೊಲೆಯುತ್ತಿದ್ದ ಸೂಸೈ ಕತೆ ಕೇಳಿಲ್ಲವೇ? ಪಕ್ಕದಲ್ಲಿ ಅದೇ ಕೆಲಸ ಮಾಡುತ್ತಿದ್ದ ಹಿಂದೂಗಳಿಗೆ ಸರ್ಕಾರ ಪುಕ್ಕಟೆ ಪೆಟ್ಟಿಗೆ ಅಂಗಡಿ ಕೊಟ್ಟಿತು. ಕ್ರೈಸ್ತನೆಂದು ಇವನಿಗೆ ಕೊಡಲಿಲ್ಲ. ಸುಪ್ರೀಂ ಕೋರ್ಟಿಗೆ ಹೋದ. ಮತಾಂತರದ ಮೇಲೂ ಜಾತಿಯ ಕಷ್ಟ ಅಷ್ಟೇ ತೀವ್ರವಾಗಿದೆ ಎಂಬುದಕ್ಕೆ ಪುರಾವೆ ಸಾಲದು ಎಂದು 1985ರಲ್ಲಿ ಅರ್ಜಿ ವಜಾ ಆಯಿತು. ಕೈಯಲ್ಲಿದ್ದ ಚಪ್ಪಲಿ ಪುರಾವೆಯಾಗಲಿಲ್ಲ, ನೋಡಿ.

ಆದರೂ ‘ಮಾದಿಗ ಕ್ರಿಶ್ಚಿಯನ್’ ಎಂದು ನಿಮ್ಮ ಪಟ್ಟಿಯಲ್ಲೇ ಇತ್ತಲ್ಲ?

ಅದು ಪಕ್ಕದ ಜಾತಿ ಕಾಲಂನ ಉಸಾಬರಿ. ಕುರುಬ ಕ್ರಿಶ್ಚಿಯನ್, ಬ್ರಾಹ್ಮಣ ಕ್ರಿಶ್ಚಿಯನ್ ಅಂತೆಲ್ಲ ಇತ್ತು. ಗದ್ದಲವೆದ್ದ ಮೇಲೆ ಆಯೋಗ ಅಂಥ 33 ಹೆಸರುಗಳನ್ನು ಕಣ್ಣಿಗೆ ಬೀಳದಂತೆ ಮುಚ್ಚಿತು. ಬೇಕಾದವರು ತಾವೇ ಹೇಳಿ ಬರೆಸಬಹುದು.

ಜಾತಿ ಇರಬೇಕು, ಕಾಣಬಾರದು!

ನಮ್ಮನ್ನು ಯಾಕೆ ಆಡಿಕೊಳ್ಳುತ್ತೀರಿ? ಸಭೆಯಲ್ಲಿ ಎಲ್ಲರೂ ಸಹೋದರ ಸಹೋದರಿಯರೇ. ಹೆಣ್ಣು ಕೇಳಲು ಹೋಗಿ, ಮುಚ್ಚಿಟ್ಟ ಪಟ್ಟಿ ಅಲ್ಲೂ ಹೊರಬರುತ್ತದೆ.

ಪಕ್ಕದ ಹೊಸದುರ್ಗದಲ್ಲಿ ನಿಮಗೆ ಒಳ್ಳೆ ಬೇಡಿಕೆ ಇತ್ತಂತೆ?

ಅದು 2021. ಅಲ್ಲಿನ ಶಾಸಕ ಗೂಳಿಹಟ್ಟಿ ಶೇಖರ್ ತಮ್ಮ ತಾಯಿಯೇ ಮತಾಂತರವಾಗಿದ್ದಾರೆ ಎಂದು ವಿಧಾನಸಭೆಯಲ್ಲಿ ಹೇಳಿದರು. ಕುಂಕುಮ ಇಡುವುದಿಲ್ಲವಂತೆ, ಮೊಬೈಲಿನ ರಿಂಗ್‌ಟೋನೂ ಕ್ರೈಸ್ತರ ಹಾಡಂತೆ. ರಿಂಗ್‌ಟೋನ್! ಎಷ್ಟೋ ವರ್ಷಗಳಿಂದ ಮನೆಮನೆಗೆ ಹೋಗಿ ಬಾಯಿಬಿಟ್ಟು ಕೇಳುತ್ತಿದ್ದ ನನಗೆ ಹೊಟ್ಟೆಕಿಚ್ಚಾಯಿತು. ವರ್ಷದ ಕೊನೆಗೆ ತಹಶೀಲ್ದಾರರು ಬಲವಂತದ ಮತಾಂತರ ಕಂಡಿಲ್ಲ ಎಂದು ವರದಿ ಕೊಟ್ಟರು. ಆಮೇಲೆ ಅವರಿಗೆ ವರ್ಗವಾಯಿತು. 2022ರಲ್ಲಿ ಕಾಯ್ದೆಯೇ ಬಂತು: ಮತ ಬದಲಿಸುವವರು 30 ದಿನ ಮೊದಲೇ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಪವಿತ್ರಾತ್ಮನಿಗೂ ನೋಟಿಸ್ ಅವಧಿ!

ಕೊನೆಗೆ ಅಜ್ಜಿ ಏನೆಂದು ಬರೆಸಿತು?

ಹೇಳುವಂತಿಲ್ಲ. ಮಾಹಿತಿ ಗುಟ್ಟಾಗಿರಬೇಕೆಂದು ಹೈಕೋರ್ಟಿನ ಆದೇಶವಿದೆ. ಆಮೇಲೆ ಕುರಿಕೋಳಿ ಲೆಕ್ಕ ಬಂತು. ಉಪಮುಖ್ಯಮಂತ್ರಿಗಳೇ ಗೊಣಗಿದ ಪ್ರಶ್ನೆ ಅದು. ಅಜ್ಜಿ ಮಾತ್ರ ತಡವರಿಸಲಿಲ್ಲ: ‘ಹನ್ನೆರಡು ಬರ್ಕೊಳ್ಳಿ ಸಾ. ಕೊಟ್ಟಿಗೆಯಾಗೆ ಹನ್ನೊಂದೈತೆ. ಒಂದು ನೆನ್ನೆ ತಪ್ಪಿಸ್ಕೊಂಡೈತೆ, ಹುಡುಕ್ಕೊಂಡು ಬತ್ತೀನಿ.’