ಪನ್ನೀರಿಲ್ಲದ ಒಂದು ಸನ್ಮಾನ

ವೇದಿಕೆಯ ಮೇಲಿರುವ ಗಣ್ಯರೇ, ವೇದಿಕೆಯಲ್ಲಿ ಕುರ್ಚಿ ಸಾಲದೆ ಕೆಳಗೆ ಮುನಿಸಿಕೊಂಡು ಕೂತಿರುವ ಗಣ್ಯರೇ, ಕಾರ್ಯಕ್ರಮದ ನಂತರ ಊಟವಿದೆ ಎಂಬ ಖಚಿತ ಮಾಹಿತಿಯ ಮೇರೆಗೆ ಆಗಮಿಸಿರುವ ಸಾಹಿತ್ಯಾಭಿಮಾನಿಗಳೇ,

ಇಂದು ನಾವು ಸನ್ಮಾನಿಸುತ್ತಿರುವುದು 'ದಿ ಮೂನ್ಸ್ ಅವರ್ ಹೋಮ್' ಚಿತ್ರದ ನಾಯಕರೂ ಹೆಸರಾಂತ ಕಾದಂಬರಿಕಾರರೂ ಕಾಲು ನಿಲ್ಲದ ಸಂಚಾರಿಗಳೂ ನವ ಗೃಹಸ್ಥರೂ ಆದ ಶ್ರೀ ಆಂಥನಿ ಆಂಬರ್ಟನ್ ಅವರನ್ನು. ಚಿತ್ರ ತೆರೆಕಂಡದ್ದು 1936ರಲ್ಲಿ. ಸನ್ಮಾನ ಇಷ್ಟು ತಡವಾದದ್ದಕ್ಕೆ ಸಮಿತಿ ಹೊಣೆಯಲ್ಲ. ಸನ್ಮಾನಪತ್ರದಲ್ಲಿ ಯಾವ ಹೆಸರು ಅಚ್ಚು ಹಾಕಿಸುವುದು ಎಂಬುದೇ ಬಗೆಹರಿಯಲಿಲ್ಲ. ಇವರು ಹುಟ್ಟಾ ಜಾನ್ ಸ್ಮಿತ್. ಅಮೆರಿಕದಲ್ಲಿ ಯಾವ ಬೀದಿಯಲ್ಲಿ ಕೂಗಿದರೂ ನಾಲ್ಕು ಜನ ತಿರುಗಿ ನೋಡುವ ಹೆಸರು. ಆ ಹೆಸರಿನಲ್ಲೇ ಇವರು ಸಾರಾ ಬ್ರೌನ್ ಎಂಬ ಹುಡುಗಿಯ ಹಿಂದೆ ಬಿದ್ದರು. ಆಕೆ ಕೋಪಕ್ಕೆ ಹೆಸರಾದ ಹಾಲಿವುಡ್ ತಾರೆ ಚೆರ್ರಿ ಚೆಸ್ಟರ್ ಎಂದು ಇವರಿಗೆ ಗೊತ್ತಿಲ್ಲ. ಇವರು ಅಭಿಮಾನಿ ಹೆಂಗಸರು ಮುತ್ತಿಕೊಳ್ಳುವ ಸಾಹಿತಿ ಎಂದು ಆಕೆಗೂ ಗೊತ್ತಿಲ್ಲ. ಜಾತಕ ಕೂಡಿಬಂದು ಆದ ಮದುವೆಗಳನ್ನು ನೋಡಿದ್ದೇವೆ. ವಿಳಾಸವೇ ಕೂಡದೆ ಆದ ಮದುವೆ ಇದು.

ಸನ್ಮಾನಿತರ ಸಾಹಸಗಳ ಬಗ್ಗೆ ಎರಡು ಮಾತು. ದೇಶ ದೇಶ ಅಲೆದು, ಅಲೆದದ್ದನ್ನೆಲ್ಲ ಪುಸ್ತಕ ಮಾಡಿದ ಈ ಧೀರರು ಮದುವೆಯ ರಾತ್ರಿ ಹೆಂಡತಿ ಪೂಸಿಕೊಂಡ ಕಸ್ತೂರಿಯ ಅತ್ತರಿಗೆ ಸೋತರು. ಆ ವಾಸನೆ ಇವರಿಗೆ ಒಗ್ಗದು. ಕೋಣೆ ಬಿಟ್ಟು ಓಡಿದರು. ಸುಗಂಧ ಹಚ್ಚಿಕೊಂಡ ತಪ್ಪಿಗೆ ಗಂಡ ಪರಾರಿಯಾದರೆ ಹೆಂಡತಿ ಏನೆಂದುಕೊಂಡಾಳು, ತಾವೇ ಊಹಿಸಿ. ಈ ಹಿನ್ನೆಲೆಯಲ್ಲಿ ಬಾಗಿಲಲ್ಲಿ ಪನ್ನೀರು ಚಿಮುಕಿಸಲು ನಿಂತಿದ್ದ ಮಹಿಳಾ ಸಮಾಜದ ಸದಸ್ಯೆಯರನ್ನು ಅಡುಗೆಮನೆಯ ಕಡೆಗೆ ಕಳಿಸಲಾಗಿದೆ. ಅಗರಬತ್ತಿಯನ್ನೂ ಆರಿಸಿದ್ದೇವೆ. ಅವರು ಅಸಮಾಧಾನಗೊಂಡಿದ್ದಾರೆ, ಪಾಯಸದಲ್ಲಿ ಅದರ ಪರಿಣಾಮ ಕಂಡರೆ ಕ್ಷಮಿಸಿ.

ಇನ್ನು ಪಾತ್ರ ವಹಿಸಿದವರ ಸಂಗತಿ. ಇದನ್ನು ಹೇಳದಿದ್ದರೆ ಸಭೆಗೆ ಮೋಸವಾಗುತ್ತದೆ. ಆಂಬರ್ಟನ್ ಆದವರು ಹೆನ್ರಿ ಫೊಂಡಾ, ಚೆರ್ರಿ ಆದವರು ಮಾರ್ಗರೆಟ್ ಸಲವಾನ್. ಇವರಿಬ್ಬರೂ 1931ರ ಕ್ರಿಸ್‌ಮಸ್ ದಿನ ನಿಜವಾಗಿಯೇ ಮದುವೆಯಾಗಿ, ಕೆಲವೇ ತಿಂಗಳಲ್ಲಿ ಬೇರೆಯಾಗಿ, 1933ರಲ್ಲಿ ವಿಚ್ಛೇದನವನ್ನೂ ಪಡೆದಿದ್ದರು. ಆಮೇಲೆ ಪ್ಯಾರಮೌಂಟ್‌ನ ಈ ಚಿತ್ರದಲ್ಲಿ ನಿರ್ದೇಶಕ ವಿಲಿಯಂ ಸೀಟರ್ ಅವರೆದುರು ಮತ್ತೆ ಪ್ರೀತಿಸಿ, ಮತ್ತೆ ಮದುವೆಯಾಗಿ, ಮತ್ತೆ ಕಚ್ಚಾಡಿದರು. ಈ ಸಲ ಸಂಬಳ ಪಡೆದು. ಜಗಳದ ದೃಶ್ಯಗಳಲ್ಲಿ ಅವರ ಮುಖ ನೋಡಿ. ತಾಲೀಮು ಎಲ್ಲಿ ಆಗಿತ್ತೆಂದು ತಿಳಿಯುತ್ತದೆ. ಅದೇ 1936ರಲ್ಲಿ ಇಬ್ಬರೂ ಬೇರೆ ಬೇರೆಯವರನ್ನು ಮದುವೆಯಾದರು. ಫೇತ್ ಬಾಲ್ಡ್‌ವಿನ್ ಅವರ ಕಾದಂಬರಿಯಿಂದ ಬಂದ ಈ ಕಥೆಯ ಮಾತುಗಳಿಗೆ ಹೆಚ್ಚಿನ ಖಾರ ಸೇರಿಸಿದವರು ಡೊರೊಥಿ ಪಾರ್ಕರ್ ಮತ್ತು ಅಲನ್ ಕ್ಯಾಂಪ್‌ಬೆಲ್. ಅವರೂ ದಂಪತಿ. ಮುಂದೆ 1947ರಲ್ಲಿ ಬಿಟ್ಟು, 1950ರಲ್ಲಿ ಪರಸ್ಪರರನ್ನೇ ಮರುಮದುವೆಯಾದವರು! ಒಟ್ಟಿನಲ್ಲಿ ಅನುಭವಿಗಳ ಕೈಗೇ ಕೆಲಸ ಒಪ್ಪಿಸಿದ್ದರು.

ಆಂಬರ್ಟನ್ ಅವರೇ, ತಾವು ಹಾರಕ್ಕಾಗಿ ಕತ್ತು ಮುಂದೆ ಚಾಚುತ್ತಿರುವುದನ್ನು ಗಮನಿಸಿದ್ದೇನೆ. ಹಾರ ತಡೆಹಿಡಿಯಲಾಗಿದೆ. ಕಾರಣ ಚಿತ್ರದ ಕೊನೆ. ಬಿಟ್ಟು ಹೊರಟ ಹೆಂಡತಿಯನ್ನು ತಾವು ಹುಚ್ಚಾಸ್ಪತ್ರೆಯ ತೋಳುಕಟ್ಟಿನ ಅಂಗಿಯೊಳಗೆ ಬಿಗಿಸಿ, ಆಂಬುಲೆನ್ಸಿನಲ್ಲಿ ಕೂರಿಸಿಕೊಂಡು ಹೋದಿರಿ. ಅಂದಿನ ಪ್ರೇಕ್ಷಕರು ನಕ್ಕರೆನ್ನೋಣ. ಅಲ್ಲಿಯವರೆಗೆ ಮಾತಿಗೆ ಮಾತು, ಏಟಿಗೆ ಏಟು ಎಂದು ಸರಿಸಮ ಸಾಗಿದ್ದ ಪಂದ್ಯದಲ್ಲಿ ಕೊನೆಯ ಗಳಿಗೆಗೆ ಎದುರಾಳಿಯ ಕೈ ಕಟ್ಟಿ ಗೆಲ್ಲುವುದು ನಮ್ಮ ಸಮಿತಿಗೆ ಹಿಡಿಸಲಿಲ್ಲ. ತಮ್ಮಲ್ಲಿ ಮಾತಿನ ದಾಸ್ತಾನು ಅಷ್ಟು ಬೇಗ ಮುಗಿಯಿತೇ, ಸ್ವಾಮಿ? ಕಾದಂಬರಿಕಾರರಲ್ಲವೇ ತಾವು?

ಹಾಗಾಗಿ ಖಜಾಂಚಿಯವರ ಆಕ್ಷೇಪವನ್ನೂ ಲೆಕ್ಕಿಸದೆ, ಇಂದಿನ ಶಾಲನ್ನು ಚಿತ್ರದ ಇನ್ನೊಬ್ಬರಿಗೆ ಹೊದಿಸಲು ನಿರ್ಣಯಿಸಿದ್ದೇವೆ. ಹಿಮ ಬಿದ್ದ ಊರಿನಲ್ಲಿ ಇವರಿಗೆ ಮದುವೆ ಮಾಡಿಸಿದ, ಕಿವಿ ಮಂದವಾದ ಆ ಹಿರಿಯರಿಗೆ. ವಧೂವರರು ಅವರ ಮುಂದೆಯೇ ಕಿತ್ತಾಡುತ್ತಿದ್ದರೆ, ಒಂದೂ ಕೇಳಿಸದ ಅವರು ನೆಮ್ಮದಿಯಾಗಿ ವಿಧಿ ಮುಗಿಸಿ ಗಂಡಹೆಂಡಿರೆಂದು ಸಾರಿಬಿಟ್ಟರು. ಕೇಳಿಸಿದ್ದರೆ ಈ ಮದುವೆಯೂ ಇಲ್ಲ, ಸಿನಿಮಾವೂ ಇಲ್ಲ. ಆ ಪಾತ್ರ ಮಾಡಿದವರು ವಾಲ್ಟರ್ ಬ್ರೆನನ್. ಪೋಷಕ ನಟನಿಗೆ ಆಸ್ಕರ್ ಕೊಡುವ ಪದ್ಧತಿ ಆರಂಭವಾದಾಗ ಮೊದಲು ಪಡೆದವರು ಇವರೇ. ಅದೇ 1936ರ ಬೇರೊಂದು ಚಿತ್ರಕ್ಕೆ ಎಂಬುದು ತಾಂತ್ರಿಕ ವಿಷಯ.

ಹಿರಿಯರು ದಯಮಾಡಿ ವೇದಿಕೆಗೆ ಬರಬೇಕು. ಬರಬೇಕು... ಸಾರ್, ತಮ್ಮನ್ನೇ... ಯಾರಾದರೂ ಪಕ್ಕದಲ್ಲಿರುವವರು ಸ್ವಲ್ಪ ಕಿವಿಯ ಹತ್ತಿರ ಹೋಗಿ ಜೋರಾಗಿ ಕೂಗ್ತೀರಾ?