‘ನಿಮಗೆ ಬರೆಯೋಕೆ ಬರುತ್ತಲ್ಲ, ನೀವೇ ಬರೆದುಬಿಡಿ!’

ಡಾಕ್ಟರಾಗುತ್ತೇನೆ, ಪೈಲಟ್ ಆಗುತ್ತೇನೆ ಎನ್ನುವ ಮಕ್ಕಳು ಮನೆಮನೆಯಲ್ಲೂ ಸಿಗುತ್ತಾರೆ. ‘ದೊಡ್ಡವಳಾದ ಮೇಲೆ ಯೂಸರ್ ಮ್ಯಾನ್ಯುಯಲ್ ಬರೆಯುತ್ತೇನೆ’ ಎಂದ ಮಗುವನ್ನು ಮಾತ್ರ ಕಂಡವರಿಲ್ಲ. ಆದರೂ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಟೆಕ್ನಿಕಲ್ ರೈಟರುಗಳಿಗೆ ಬರವಿಲ್ಲ. ಇಂಗ್ಲಿಷ್ ಎಂ.ಎ. ಮಾಡಿ ಲೆಕ್ಚರರ್ ಹುದ್ದೆಗೆ ಕಾದು ಸುಸ್ತಾದವರು, ಪತ್ರಿಕೆಯ ರಾತ್ರಿಪಾಳಿಗೆ ಬೇಸತ್ತವರು, ಟೆಸ್ಟಿಂಗ್ ವಿಭಾಗದಲ್ಲಿದ್ದು ಅಚ್ಚುಕಟ್ಟಾಗಿ ಇಮೇಲ್ ಬರೆದು ಸಿಕ್ಕಿಬಿದ್ದವರು. ನಾಳೆ ಬಿಡುಗಡೆ, ಮ್ಯಾನ್ಯುಯಲ್ ಇಲ್ಲ, ಪ್ರೋಗ್ರಾಂ ಬರೆದವರಿಗೆ ಪುರುಸೊತ್ತಿಲ್ಲ. ಮ್ಯಾನೇಜರ್ ಯಾರತ್ತ ತಿರುಗಿದರೋ ಅವರ ಹಣೆಬರಹ ಅಲ್ಲಿಗೆ ನಿರ್ಧಾರವಾಯಿತು.

ಈ ಕಸುಬು ಕವಿಗಳನ್ನೂ ಬಿಟ್ಟಿಲ್ಲ. ಇಂಗ್ಲಿಷ್ ಕವಿ ಜೆಫ್ರಿ ಚಾಸರ್ 1391ರ ಸುಮಾರಿಗೆ ತನ್ನ ಹತ್ತು ವರ್ಷದ ಮಗ ಪುಟ್ಟ ಲೂಯಿಸ್‌ಗಾಗಿ ಆಸ್ಟ್ರೊಲೇಬ್ ಎಂಬ ಖಗೋಳ ಉಪಕರಣದ ಬಳಕೆಯನ್ನು ಬರೆದ. ಲ್ಯಾಟಿನ್ ಸರಿಯಾಗಿ ಬಾರದ ಹುಡುಗನಿಗೆ ತಿಳಿಯಲೆಂದು ಸರಳ ಇಂಗ್ಲಿಷಿನಲ್ಲೇ ಬರೆದ. ಪೀಠಿಕೆಯಲ್ಲಿ ಐದು ಭಾಗಗಳ ಭರವಸೆ ಕೊಟ್ಟು ಪೂರ್ತಿ ಮುಗಿಸಲಿಲ್ಲ. ಆ ಪರಂಪರೆ ಇಂದಿಗೂ ಜೀವಂತವಾಗಿದೆ. ನಮ್ಮಲ್ಲಿ ಅದಕ್ಕೂ ಮೊದಲೇ, ಹನ್ನೊಂದನೆಯ ಶತಮಾನದಲ್ಲಿ, ‘ಲೋಕೋಪಕಾರ’ದ ಚಾವುಂಡರಾಯ ಅಂತರ್ಜಲ ಪತ್ತೆಯಿಂದ ಹಿಡಿದು ಅಡುಗೆಯವರೆಗೆ ವಿವರಿಸಿ ಕುಳಿತಿದ್ದ.

ಕಂಪ್ಯೂಟರ್ ಕಾಲದಲ್ಲಿ 1949ರ ಬೈನ್ಯಾಕ್ ಯಂತ್ರಕ್ಕೆ ಕೈಪಿಡಿ ಬರೆದ ಅಮೆರಿಕದ ಜೋಸೆಫ್ ಚಾಪ್ಲೈನ್ ಈ ಸಾಲಿನ ಹಿರಿಯ. ಇನ್ನು ಕಾದಂಬರಿಕಾರ ಥಾಮಸ್ ಪಿಂಚನ್ 1960ರಿಂದ 1962ರವರೆಗೆ ಬೋಯಿಂಗ್ ಕಂಪನಿಯಲ್ಲಿ ಟೆಕ್ನಿಕಲ್ ರೈಟರ್. ಬೊಮಾರ್ಕ್ ಕ್ಷಿಪಣಿಯನ್ನು ವಿಮಾನದಲ್ಲಿ ಜೋಪಾನವಾಗಿ ಸಾಗಿಸುವುದು ಹೇಗೆಂದು ಲೇಖನ ಬರೆದವರು, 1973ರಲ್ಲಿ ರಾಕೆಟ್ಟಿನ ಸುತ್ತ ಏಳುನೂರು ಪುಟ ದಾಟಿದ ಕಾದಂಬರಿಯನ್ನೇ ಹೊರತಂದರು. ಅದನ್ನು ಓದಿ ಮುಗಿಸಲು ಓದುಗರಿಗೆ ಇನ್ನೊಂದು ಕೈಪಿಡಿ ಬೇಕಾಯಿತು!

ಏನೂ ಗೊತ್ತಿಲ್ಲದೆ ಬಂದವರು ಇಲ್ಲಿ ಗೆಲ್ಲುವುದು ಆ ಗೊತ್ತಿಲ್ಲದಿರುವುದರಿಂದಲೇ. ‘ಇಲ್ಲಿ ಸೂಕ್ತ ಸಂಖ್ಯೆಯನ್ನು ನಮೂದಿಸಿ’ ಎಂದು ಎಂಜಿನಿಯರ್ ಟಿಪ್ಪಣಿ ಕೊಡುತ್ತಾನೆ.

“ಸೂಕ್ತ ಅಂದ್ರೆ ಎಷ್ಟು?”

“ಅದು ಎಲ್ಲರಿಗೂ ಗೊತ್ತಿರುತ್ತೆ ಮೇಡಂ.”

“ನನಗೆ ಗೊತ್ತಿಲ್ವಲ್ಲ! ಸೊನ್ನೆ ಹಾಕ್ಲಾ?”

ಹಾಕುತ್ತಾರೆ. ಇಡೀ ಪ್ರೋಗ್ರಾಂ ನಿಂತುಬಿಡುತ್ತದೆ. ಟೆಸ್ಟಿಂಗ್‌ನವರ ಕಣ್ಣು ತಪ್ಪಿಸಿಕೊಂಡ ದೋಷ ಮ್ಯಾನ್ಯುಯಲ್ ಬರೆಯುವವರ ಕೈಗೆ ಸಿಕ್ಕಿಬೀಳುವುದು ಈ ಉದ್ಯೋಗದಲ್ಲಿ ಮಾಮೂಲು.

ವಿಮಾನ ರಿಪೇರಿಯ ಕೈಪಿಡಿಗಳಲ್ಲಂತೂ ಆಟವಿಲ್ಲ. ಅಲ್ಲಿ ಚಾಲ್ತಿಯಲ್ಲಿರುವ ಸರಳ ತಾಂತ್ರಿಕ ಇಂಗ್ಲಿಷಿನ ನಿಯಮದಂತೆ, ಕೆಲಸ ಮಾಡುವ ಕ್ರಮವನ್ನು ಹೇಳುವ ವಾಕ್ಯ 20 ಪದ ಮೀರುವಂತಿಲ್ಲ. ಎಂ.ಎ.ಯಲ್ಲಿ ಕಲಿತ ಅಲಂಕಾರಗಳೆಲ್ಲ ಗೇಟಿನ ಹೊರಗೆ.

ಇಷ್ಟು ಒದ್ದಾಡಿ ಬರೆದದ್ದನ್ನು ನಾವು ಮಾಡುವುದೇನು? ಥರ್ಮೋಕೋಲ್ ಜೊತೆ ಅಟ್ಟಕ್ಕೆ ಎಸೆಯುತ್ತೇವೆ. ಹೊಸ ವಾಷಿಂಗ್ ಮಷೀನ್ ಓಡದಿದ್ದರೆ, ಮೆಕ್ಯಾನಿಕ್‌ಗೆ ಫೋನ್ ಮಾಡುವ ಮುನ್ನ ಪುಸ್ತಿಕೆಯ ಕೊನೆಯ ಪುಟಗಳನ್ನಾದರೂ ಓದಿ. ನಲ್ಲಿ ತೆರೆದಿದೆಯೇ, ಪ್ಲಗ್ ಹಾಕಿದೆಯೇ ನೋಡಿ ಎಂದು ಅಲ್ಲಿ ಬರೆದಿರುತ್ತದೆ. ಮೆಕ್ಯಾನಿಕ್ ಬಂದು ಮಾಡುವುದೂ ಅದನ್ನೇ, ವಿಸಿಟಿಂಗ್ ಚಾರ್ಜ್ ಬೇರೆ.