ನಡದೈತೋ, ನಿಂತೈತೋ

ಕೆಲಸವೊಂದು ನಡೆಯುತ್ತಿದೆಯೋ ಇಲ್ಲವೋ ಎಂಬ ಸಂದೇಹವು ಬುಕ್ಕಸಾಗರದಲ್ಲಿ ಯಾರನ್ನೂ ಬಹುಕಾಲ ಪೀಡಿಸುವುದಿಲ್ಲ. ಕಬ್ಬಿನ ಗದ್ದೆಯಲ್ಲಿ ಆಳುಗಳಿದ್ದರೆ ಅವರ ಹರಟೆ ರಸ್ತೆಯವರೆಗೆ ಕೇಳಿಸುತ್ತದೆ. ಸದ್ದಿಲ್ಲದೆ ನಡೆಯುವ, ಸದ್ದಿಲ್ಲದೆಯೇ ನಿಲ್ಲುವ ಕಾರ್ಯಗಳೂ ಲೋಕದಲ್ಲಿವೆಯೆಂದೂ, ಅವುಗಳಲ್ಲಿ ಯಾವುದು ಯಾವುದೆಂದು ನಿರ್ಣಯಿಸುವುದಕ್ಕಾಗಿಯೇ ಸುಶಿಕ್ಷಿತರು ರಾತ್ರಿಯ ಊಟವನ್ನು ತ್ಯಜಿಸುವರೆಂದೂ ನನಗೆ ವಿದಿತವಾದುದು ನ್ಯೂಜೆರ್ಸಿಯ ಎಡಿಸನ್ನಿನಲ್ಲಿ, ಮಗನ ಮನೆಗೆ ಬಂದಮೇಲೆ.

ಅವನು ಕಾಯುತ್ತಿದ್ದುದು ಪಗಾರದ ಲೆಕ್ಕ ಹಾಕುವ ಒಂದು ಸ್ಟೋರ್ಡ್ ಪ್ರೊಸೀಜರಿಗಾಗಿ. ಡೇಟಾಬೇಸಿನೊಳಗೇ ಬರೆದಿಟ್ಟು, ಹೆಸರು ಹಿಡಿದು ಕರೆದೊಡನೆ ಆದ್ಯಂತವಾಗಿ ತಾನೇ ನಡೆದುಹೋಗುವ ಆಜ್ಞಾಸಮೂಹಕ್ಕೆ ಈ ಹೆಸರು. ಪ್ರತಿಸಲ ಹತ್ತು ನಿಮಿಷಕ್ಕೆ ಮುಗಿಯುವುದು ಅಂದು ಗಂಟೆ ಕಳೆದರೂ ಮೌನವಾಗಿತ್ತು. ಸೊಸೆ ಜೋಳದ ರೊಟ್ಟಿ ಬಡಿದಿಟ್ಟು, “ಅದು ನಡದೈತೋ ನಿಂತೈತೋ, ಒಂದು ಹೇಳ್ರಿ,” ಎಂದಳು.

“ಅದನ್ನ ನೋಡಾಕತ್ತೀನಿ.”

ಎಸ್‌ಕ್ಯೂಎಲ್ ಸರ್ವರ್ ಎಂಬ ಡೇಟಾಬೇಸಿನಲ್ಲಿ 2005ರ ಆವೃತ್ತಿಯಿಂದೀಚೆಗೆ ‘ಡಿಎಂ ಎಕ್ಸೆಕ್ ರಿಕ್ವೆಸ್ಟ್ಸ್’ ಎಂಬ, ನಾಮಸ್ಮರಣೆಗೆ ಸರ್ವಥಾ ಅಯೋಗ್ಯವಾದ ಹೆಸರಿನ ಪಟ್ಟಿಯೊಂದಿದೆ. ಆ ಕ್ಷಣದಲ್ಲಿ ಜೀವಂತವಾಗಿರುವ ಆಜ್ಞೆಗಳು ಮಾತ್ರ ಅದರಲ್ಲಿ ಕಾಣುತ್ತವೆ; ಅವುಗಳ ಮೂಲಪಾಠವನ್ನು ಇನ್ನೊಂದೆಡೆಯಿಂದ ತರಿಸಿ ಜೋಡಿಸಿದರೆ ಪ್ರೊಸೀಜರಿನ ಹೆಸರು ಹೊರಬೀಳುತ್ತದೆ. ಹೀಗೆ ಹುಡುಕಿದವನಿಗೆ ಮೊದಲು ಕಣ್ಣಿಗೆ ಬಿದ್ದುದು ತನ್ನದೇ ಹುಡುಕಾಟ: ಯಾರು ನಡೆಯುತ್ತಿದ್ದಾರೆಂದು ಕೇಳುವ ಪ್ರಶ್ನೆಯೂ ಆ ಕ್ಷಣದಲ್ಲಿ ನಡೆಯುತ್ತಿರುವುದೇ ತಾನೆ! ವೇದಾಂತಿಗಳು ಆಯುಷ್ಯವನ್ನೆಲ್ಲ ತೇಯ್ದು ಸಾಧಿಸಲೆಳಸುವ ಅಹಂಕಾರನಾಶವನ್ನು ಮಗನು ‘@@ಎಸ್‌ಪಿಐಡಿ’ ಎಂಬ ಒಂದೇ ಮಂತ್ರದಿಂದ ಸಾಧಿಸಿ, ತನ್ನನ್ನು ಪಟ್ಟಿಯಿಂದ ತೆಗೆದುಹಾಕಿದನು.

ಪ್ರೊಸೀಜರು ಸಿಕ್ಕಿತು. ಅದರೆದುರು ‘ಸಸ್ಪೆಂಡೆಡ್’ ಎಂದಿತ್ತು. ನಾನು ಸರಕಾರಿ ಶಾಲೆಯ ಮೇಷ್ಟರಾಗಿದ್ದವನು, ಗಾಬರಿಯಿಂದ, “ಯಾಕಪ್ಪ, ಏನು ತಪ್ಪು ಮಾಡಿತು?” ಎಂದೆ.

“ತಪ್ಪೇನಿಲ್ಲಪ್ಪಾ, ಕಾಯಾಕತ್ತೈತಿ. 87ನೆಯ ಸೆಷನ್ನು ಅಡ್ಡ ನಿಂತೈತಿ.”

ಇದು ನನಗೆ ಕೂಡಲೆ ತಿಳಿಯಿತು. ವಿಜಯನಗರದರಸರು ತೆಗೆಸಿದ ಕಾಲುವೆಗಳು ಇಂದಿಗೂ ಹರಿಯುವ ನಮ್ಮ ಸೀಮೆಯಲ್ಲಿ ಗದ್ದೆಗೆ ನೀರು ಬಾರದಿದ್ದರೆ ಯಾರೂ ಗದ್ದೆಯನ್ನು ಪರೀಕ್ಷಿಸುತ್ತ ಕೂರುವುದಿಲ್ಲ. ಟಾರ್ಚು ಹಿಡಿದು, ಕಾಲುವೆಯ ಗುಂಟ ಮೇಲಕ್ಕೆ ಹೋಗಿ, ತೂಬು ಮುಚ್ಚಿದವನನ್ನು ಹುಡುಕುತ್ತಾರೆ. (2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋದಾಗ, 33ರಲ್ಲಿ ಹೋದದ್ದು ಯಾವುದೆಂದು ತಿಳಿಯಲು ಯಾವ ಪಟ್ಟಿಯೂ ಬೇಕಾಗಲಿಲ್ಲವೆಂಬುದು ಬೇರೆ ಮಾತು.) ಆದರೆ ಇಲ್ಲಿನ ವಿಚಿತ್ರವನ್ನು ನೋಡಿ: ಅಡ್ಡ ನಿಂತ 87 ಆ ಪಟ್ಟಿಯಲ್ಲೇ ಇರಲಿಲ್ಲ! ಏನಾದರೂ ಮಾಡುತ್ತಿರುವವರಿಗಷ್ಟೆ ಅಲ್ಲಿ ಸ್ಥಾನ. 87 ಏನನ್ನೂ ಮಾಡುತ್ತಿರಲಿಲ್ಲ. ‘ಎಸ್‌ಪಿ ಹೂ2’ ಎಂಬ ಹಳೆಯ ಆಜ್ಞೆಯನ್ನು ಕರೆದಾಗ ಅದರ ಸ್ಥಿತಿ ಬಯಲಾಯಿತು: ‘ಸ್ಲೀಪಿಂಗ್’. ಯಾರೋ ಮಹಾನುಭಾವನು ಟ್ರಾನ್ಸಾಕ್ಷನ್ ತೆರೆದು, ಬೇಕಾದ ಸಾಲುಗಳಿಗೆಲ್ಲ ಲಾಕು ಹಾಕಿ, ಕಮಿಟ್ ಎನ್ನದೆಯೇ ಎದ್ದುಹೋಗಿದ್ದನು.

ಮಗನು ‘ಕಿಲ್ 87’ ಎಂದು ಬರೆಯಲುದ್ಯುಕ್ತನಾದನು. ಹಾಗೆ ಮಾಡಿದರೆ ಆ ಸೆಷನ್ನು ಮುಗಿಸದೆ ಬಿಟ್ಟುದೆಲ್ಲ ಹಿಂದುಮುಂದಾಗಿ ಅಳಿಸುತ್ತ ಹೋಗುವುದೆಂದೂ, ಕೆಲಸ ದೊಡ್ಡದಿದ್ದರೆ ಅಳಿಸುವುದಕ್ಕೂ ಬಹಳ ಹೊತ್ತು ಹಿಡಿಯುವುದೆಂದೂ ಅವನೇ ಹೇಳಿದುದರಿಂದ ನಾನು ತಡೆದೆ. ಮೇಲ್ಗದ್ದೆಯವನನ್ನು ಕೊಲ್ಲುವ ಮುನ್ನ ಒಮ್ಮೆ ಎಬ್ಬಿಸಿ ನೋಡುವುದು ನಮ್ಮೂರ ಸಂಪ್ರದಾಯ. ಆ ಪುಣ್ಯಾತ್ಮನಿದ್ದುದು ಬೆಂಗಳೂರಿನಲ್ಲಿ. ಇಲ್ಲಿ ರಾತ್ರಿ ಒಂಬತ್ತು, ಅಲ್ಲಿ ಬೆಳಗಿನ ಆರೂವರೆ. ಫೋನಿನಲ್ಲಿ ಆಕಳಿಕೆ ಕೇಳಿಸಿದಾಗ, ಡೇಟಾಬೇಸು ಸುಳ್ಳು ಹೇಳಿರಲಿಲ್ಲವೆಂದು ಖಚಿತವಾಯಿತು.

ಕಮಿಟ್ ಆಯಿತು. ಸ್ವಲ್ಪ ಹೊತ್ತಿನಲ್ಲೇ ಪ್ರೊಸೀಜರಿನ ಹೆಸರು ಪಟ್ಟಿಯಿಂದ ಮಾಯವಾಯಿತು. ಆ ಗಳಿಗೆಯಲ್ಲೇ ಮ್ಯಾನೇಜರನು ಫೋನು ಮಾಡಿ, ಪಟ್ಟಿಯಲ್ಲಿ ಹೆಸರೇ ಇಲ್ಲ, ಕೆಲಸ ಆರಂಭವೇ ಆಗಲಿಲ್ಲವೆ ಎಂದು ಗದರಿಸಿದನು. ಮುಗಿದುದಕ್ಕೂ ತೊಡಗದುದಕ್ಕೂ ಅಲ್ಲಿ ಭೇದವಿಲ್ಲವಷ್ಟೆ. ಕೊನೆಯ ಸಲ ನಡೆದುದು ಯಾವಾಗೆಂದು ತಿಳಿಸುವ ಮತ್ತೊಂದು ಪಟ್ಟಿಯನ್ನು ಮಗನು ತೆರೆದು ತೋರಿಸಿ, ಮ್ಯಾನೇಜರನನ್ನು ಸಮಾಧಾನಪಡಿಸಿ, ಅಡುಗೆಮನೆಗೆ ಹೋಗಿ ಡಬ್ಬಿಯ ಮುಚ್ಚಳ ತೆಗೆದನು.

“ಒಳಗ ಕಾಣವಲ್ಲವು ಅಂದ್ರ ಮಾಡಿಲ್ಲ ಅಂತ ತಿಳೀಬ್ಯಾಡ್ರಿ,” ಎಂದಳು ಸೊಸೆ. “ಮಾವಾರು ಉಂಡು ಮುಗಿಸ್ಯಾರ.”